ಸ್ಟೆಪ್ನಿ

ಗಜೇಂದ್ರಗಡದಲ್ಲಿ ಎರಡು ಪ್ರೊಸೆಸರ್ ಇರುವ ಕಂಪ್ಯೂಟರು ಒಂದೇ ಇತ್ತು, ಅದು ಮದರಸಾಬನ ಮನೆಯಲ್ಲಿತ್ತು. ಓಣಿಯಲ್ಲಿ ಇದು ಗೊತ್ತಿಲ್ಲದವರು ಉಳಿದಿರಲಿಲ್ಲ. ಉಳಿದವರನ್ನು ಮದರಸಾಬನ ಮಗ ಆರಿಫ ರಸ್ತೆಯಲ್ಲಿ ಹಿಡಿದು ನಿಲ್ಲಿಸಿ ತಿಳಿಸಿದ್ದ. ಪ್ರೊಸೆಸರ್ ಅಂದರೇನು ಎಂದು ಯಾರಾದರೂ ಕೇಳಿದರೆ ‘ಮೆದುಳು’ ಎನ್ನುತ್ತಿದ್ದ. ಎರಡು ಮೆದುಳಿದ್ದರೆ ಏನಾಗುತ್ತದೆ ಎಂದರೆ ‘ಡಬಲ್ ಸ್ಪೀಡ್’ ಎನ್ನುತ್ತಿದ್ದ. ಒಂದು ಮೆದುಳಿನಿಂದ ಬಿ.ಎ. ಎರಡನೇ ವರ್ಷವನ್ನು ಮೂರು ಸಲ ಓದಿದ್ದ ಅವನಿಗೆ ಈ ಲೆಕ್ಕ ಸಹಜವಾಗಿಯೇ ಹಿಡಿಸಿತ್ತು.

ಕಂಪ್ಯೂಟರು ಬಂದದ್ದು 2006ರ ಜನವರಿಯಲ್ಲಿ. ಹುಬ್ಬಳ್ಳಿಯಲ್ಲಿ ಒಂದು ಕಂಪನಿ ಬಾಗಿಲು ಹಾಕಿ, ತನ್ನ ಕುರ್ಚಿ ಟೇಬಲ್ಲು ಕಂಪ್ಯೂಟರುಗಳನ್ನೆಲ್ಲ ಗುಜರಿಯವನಿಗೆ ಒಪ್ಪಿಸಿತ್ತು. ಆರಿಫ ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದ. ಬದನೆಕಾಯಿಯನ್ನೂ ಅವನು ಹಾಗೆಯೇ ಆರಿಸುತ್ತಿದ್ದ. ಕಬ್ಬಿಣದ ಪೆಟ್ಟಿಗೆ, ಒಬ್ಬರ ಕೈಗೆ ಏಳುತ್ತಿರಲಿಲ್ಲ. ಮದರಸಾಬ ಅದನ್ನು ತನ್ನ ಟ್ರ್ಯಾಕ್ಸ್ ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಮೂವರು ಪ್ಯಾಸೆಂಜರುಗಳನ್ನೂ ಕೂರಿಸಿ ಊರಿಗೆ ತಂದ.

ಮದರಸಾಬ ಇಪ್ಪತ್ತು ವರ್ಷಗಳಿಂದ ಗಜೇಂದ್ರಗಡ–ರೋಣ ರಸ್ತೆಯಲ್ಲಿ ಗಾಡಿ ಓಡಿಸುವವನು. ಹಿಂದೊಮ್ಮೆ ಲಕ್ಕಲಕಟ್ಟಿಯ ಹತ್ತಿರ ಗಾಲಿ ಪಂಕ್ಚರಾಗಿ, ಗಾಡಿಯಲ್ಲಿ ಸ್ಟೆಪ್ನಿ ಇಲ್ಲದೆ, ಅವನ ತಂಗಿಯನ್ನು ನೋಡಲು ಬರುತ್ತಿದ್ದ ಗಂಡಿನ ಕಡೆಯವರು ಬಿಸಿಲಿನಲ್ಲಿ ನಡೆದು ಬಂದಿದ್ದರು. ಬಂದವರು ನೀರು ಕುಡಿದು, ಹೆಣ್ಣು ನೋಡುವ ಮೊದಲೇ ಬೇಡವೆಂದು ಹೇಳಿ ಹೋದರು. ತಂಗಿಗೆ ಆಮೇಲೆ ಅಸೂಟಿಯಲ್ಲಿ ಇದಕ್ಕಿಂತ ಒಳ್ಳೆಯ ಮನೆ ಸಿಕ್ಕಿತು. ಆದರೂ ಮದರಸಾಬ ಪಾಠ ಕಲಿಯುವುದನ್ನು ಬಿಡಲಿಲ್ಲ. “ಬಳಸಾಕ ಒಂದು, ಇಡಾಕ ಒಂದು” ಎಂಬುದು ಮನೆಯ ಕಾನೂನಾಯಿತು. ಮನೆಯಲ್ಲಿ ಎರಡು ಕುಕ್ಕರುಗಳಿದ್ದವು. ಒಂದು ಒಲೆಯ ಮೇಲೆ ಉಗಿ ಸೋರುತ್ತಿತ್ತು, ಇನ್ನೊಂದು ಒಂಬತ್ತು ವರ್ಷಗಳಿಂದ ರಟ್ಟಿನ ಡಬ್ಬಿಯಲ್ಲಿ ಹೊಸದಾಗಿಯೇ ಇತ್ತು. ಗೋಡೆಯ ಗಡಿಯಾರ ದಿನಕ್ಕೆ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತಿತ್ತು, ಸರಿಯಾದದ್ದು ಹಸಿರು ಟ್ರಂಕಿನಲ್ಲಿ ಬೀಗದೊಳಗೆ ಇತ್ತು. ಟ್ರಂಕಿನ ಚಾವಿ ಮದರಸಾಬನ ಅಂಗಿಯ ಒಳಜೇಬಿನಲ್ಲಿ. ಅದರ ಜೋಡಿ ಚಾವಿ ಎಲ್ಲಿ ಎಂದರೆ, ಕಳೆದುಹೋಗಬಾರದೆಂದು ಟ್ರಂಕಿನ ಒಳಗೇ ಇಟ್ಟಿದ್ದ.

“ಹೆಂಡ್ತಿ ವಿಷಯಕ್ಕ ಮಾತ್ರ ಈ ಕಾನೂನ ನೆನಪಾಗಲಿಲ್ಲ ಇವರಿಗೆ” ಎನ್ನುತ್ತಿದ್ದಳು ಅವನ ಹೆಂಡತಿ ಮಕ್ತುಮಬಿ. “ಅಲ್ಲಾನ ದಯಾ.”

ಆರಿಫ ಕಂಪ್ಯೂಟರು ತಂದದ್ದು ಮದುವೆಯ ವಿಡಿಯೋ ಮಿಕ್ಸಿಂಗ್ ಮಾಡಲಿಕ್ಕೆ. ಇಪ್ಪತ್ತು ದಿನಗಳಲ್ಲಿ ಅವನು ಹಾಡು ಹಚ್ಚುವುದನ್ನೂ ಇಸ್ಪೀಟು ಆಡುವುದನ್ನೂ ಕಲಿತು, ಕಲಿಯುವುದು ಮುಗಿಯಿತೆಂದು ತಿಳಿದ. ಆಮೇಲೆ ಅದರ ಮುಂದೆ ಕುಳಿತವಳು ಅವನ ತಂಗಿ ಜಬೀನ. ಅವಳಿಗೆ ಇಪ್ಪತ್ತೆರಡು. ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಲಾಸಿನಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿದ್ದಳು. ಉಳಿದದ್ದನ್ನು ತಪ್ಪು ಮಾಡಿ ಕಲಿತಳು.

ಅವಳಿಗೆ ಕೆಲಸ ಸಿಕ್ಕಿದ್ದು ಪರದೆಯ ಕಾರಣದಿಂದ. ರೋಣದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ದುರ್ಗೇಶ ಮುಸಲ್ಮಾನರ ಮದುವೆಗಳಿಗೂ ಹೋಗುತ್ತಿದ್ದ. ಹೆಂಗಸರ ಕೋಣೆಯ ಶೂಟಿಂಗಿಗೆ ಮಾತ್ರ ಅವನ ಹೆಂಡತಿ ಕವಿತಾ ಕ್ಯಾಮರಾ ಹಿಡಿದು ಒಳಗೆ ಹೋಗುತ್ತಿದ್ದಳು. ಶೂಟಿಂಗ್ ಹೆಂಗಸು ಮಾಡಿದಳು ಸರಿ, ಆ ಟೇಪನ್ನು ಕತ್ತರಿಸಿ ಜೋಡಿಸುವವನು ಗಂಡಸಾದರೆ ಪರದೆ ಯಾತಕ್ಕೆ ಎಂದು ಯಾರೋ ಅತ್ತೆ ಕೇಳಿದಳು. ಆ ಅತ್ತೆಯ ಪ್ರಶ್ನೆಗೆ ಉತ್ತರವಾಗಿ ದುರ್ಗೇಶನಿಗೆ ಸಿಕ್ಕವಳು ಜಬೀನ.

ಎಪ್ರಿಲ್‌ನಲ್ಲಿ ಬಂದ ಟೇಪು ನಾಹೀದಳ ಮದುವೆಯದು. ನಾಹೀದಳ ತಾಯಿ ಬದರುನ್ನಿಸಾ ಈರುಳ್ಳಿ ವ್ಯಾಪಾರಿಯ ಹೆಂಡತಿ. ಮದುವೆಯಾದ ಮೇಲೆ ಐದು ಶುಕ್ರವಾರ ಅಳಿಯನನ್ನು ಕರೆದು ಊಟ ಹಾಕುವ ಪದ್ಧತಿಗೆ ಜುಮಾಗಿ ಎನ್ನುತ್ತಾರೆ. ನಾಲ್ಕು ಜುಮಾಗಿಗಳಲ್ಲಿ ನಾಲ್ಕು ಬಗೆಯ ಬಿರಿಯಾನಿ ಆಗಿತ್ತು. ಐದನೆಯದರಲ್ಲಿ, ಎರಡೂ ಕಡೆಯ ಹೆಂಗಸರು ಒಟ್ಟಿಗೆ ಕೂತು ಮದುವೆಯ ಸಿನಿಮಾ ನೋಡಬೇಕೆಂದು ಬದರುನ್ನಿಸಾ ಹೇಳಿಬಿಟ್ಟಿದ್ದಳು. ಬೀಗರು ಹೊಸ ಡಿ.ವಿ.ಡಿ. ಪ್ಲೇಯರ್ ತಂದಿದ್ದಾರೆ, ಸಿ.ಡಿ. ಆಗುವುದಿಲ್ಲ, ಡಿ.ವಿ.ಡಿ.ಯೇ ಬೇಕು.

ಇಷ್ಟಾದರೆ ಒಂದು ಆರ್ಡರು, ಅಷ್ಟೇ. ಆದರೆ ಆರಿಫ ಅದೇ ತಿಂಗಳು ದುರ್ಗೇಶನ ಸ್ಟುಡಿಯೋದಲ್ಲಿ ಪಾರ್ಟನರ್ ಆಗುವ ಮಾತಾಡಿ ಬಂದಿದ್ದ. ಅವನು ಹಾಕುವ ಪಾಲು ಈ ಕಂಪ್ಯೂಟರು.

“ಮಷೀನ್ ರೋಣಕ್ಕ ಹೋದ್ರ ನಾ ಏನ್ ಮಾಡ್ಲಿ?” ಎಂದು ಜಬೀನ ಕೇಳಿದಳು.

“ನೀ ಮನ್ಯಾಗ ಇರ್ತಿಯಲ್ಲ.”

“ಈಗೂ ಮನ್ಯಾಗ ಅದೇನಿ. ಕೆಲಸ ಮಾಡಾಕತ್ತೇನಿ.”

ಜಬೀನ ರೋಣಕ್ಕೆ ಹೋಗಿ ದುಡಿಯುವುದು ಆಗದ ಮಾತು. ಅದನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯ ಆ ಮನೆಯಲ್ಲಿ ಇರಲಿಲ್ಲ. ಕಂಪ್ಯೂಟರು ಹೊಸ್ತಿಲು ದಾಟಿದರೆ ಅವಳ ಕೆಲಸ ಮುಗಿಯಿತು. ಮದರಸಾಬ ನ್ಯಾಯ ಹೇಳಿದ. “ಶುಕ್ರವಾರ ನಮಾಜಿನೊಳಗ ಬದರುನ್ನಿಸಾನ ಕೈಯಾಗ ಡಿ.ವಿ.ಡಿ. ಇತ್ತಂದ್ರ ಮಷೀನ್ ಇಲ್ಲೇ. ಇಲ್ಲಂದ್ರ ಶನಿವಾರ ರೋಣಕ್ಕ. ಹಾದಿ ನನಗ ಗೊತ್ತೈತಿ.” ಇಪ್ಪತ್ತು ವರ್ಷ ಅದೇ ಹಾದಿಯಲ್ಲಿ ಓಡಾಡಿದವನು ಇದನ್ನು ಹೇಳಬೇಕಾಗಿರಲಿಲ್ಲ.

ಸೋಮವಾರದ ಹೊತ್ತಿಗೆ ಜಬೀನ ಕತ್ತರಿಸುವುದು, ಜೋಡಿಸುವುದು, ಗುಲಾಬಿ ಹಾರಿಸುವುದು, ನಾಹೀದಳ ಮುಖವನ್ನು ಚಂದ್ರನೊಳಗೆ ಕೂರಿಸುವುದು ಎಲ್ಲ ಮುಗಿಸಿದ್ದಳು. ಉಳಿದದ್ದು ರೆಂಡರ್. ಎಂದರೆ, ಜೋಡಿಸಿದ ಸಿನಿಮಾವನ್ನು ಕಂಪ್ಯೂಟರು ಮೊದಲಿನಿಂದ ಕೊನೆಯವರೆಗೆ ಡಿಸ್ಕಿಗೆ ಇಳಿಯುವ ಹಾಗೆ ಮತ್ತೊಮ್ಮೆ ಬರೆಯುವುದು. ಈ ಕೆಲಸಕ್ಕೆ ಮನುಷ್ಯರು ಬೇಕಿಲ್ಲ, ಕರೆಂಟು ಬೇಕು. ಎರಡೂವರೆ ತಾಸಿನ ಮದುವೆಗೆ ಕಂಪ್ಯೂಟರು ಕೇಳಿದ ಹೊತ್ತು ಹತ್ತು ತಾಸು. ಗಜೇಂದ್ರಗಡದಲ್ಲಿ ಆಗ ಒಮ್ಮೆಗೆ ಬರುತ್ತಿದ್ದ ಕರೆಂಟು ಹೆಚ್ಚೆಂದರೆ ಆರು ತಾಸು, ಬೆಳಿಗ್ಗೆ ಆರರಿಂದ ಹನ್ನೆರಡು. ಕರೆಂಟು ಹೋದರೆ ಕೆಲಸ ಮತ್ತೆ ಮೊದಲಿನಿಂದ. ಮನೆಯಲ್ಲಿ ಯು.ಪಿ.ಎಸ್. ಇತ್ತು. ಕರೆಂಟು ಹೋಗಿದೆ ಎಂದು ಕೂಗಿ ಹೇಳುವಷ್ಟು ಹೊತ್ತು ಅದು ನಡೆಯುತ್ತಿತ್ತು.

ಸೋಮವಾರ ನಾಹೀದಳ ಮದುವೆ ಮೆಹಂದಿಯವರೆಗೆ ಬಂದು ನಿಂತಿತು. ಮಂಗಳವಾರ ನಿಕಾಹದ ಹತ್ತಿರ ಹೋಗಿ ನಿಂತಿತು.

“ಡಬಲ್ ಪ್ರೊಸೆಸರ್ ಇದ್ದು ಹಿಂಗ್ಯಾಕ?” ಎಂದು ಆರಿಫ ತಂಗಿಯನ್ನೇ ಗದರಿದ. “ನಿನಗ ನಡಸಾಕ ಬರೂದಿಲ್ಲ.”

ಆಮೇಲೆ ಸಲಹೆಗಳು ಬಂದವು. ದುರ್ಗೇಶ ಫೋನಿನಲ್ಲಿ, ಹಾಡುಗಳನ್ನೆಲ್ಲ ಅಳಿಸಿಹಾಕಿ ಎಂದ. ನಾಲ್ಕು ನೂರು ಹಾಡು ಕೂಡಿಸಿದ್ದ ಆರಿಫ, ಸಮಸ್ಯೆ ಅಷ್ಟು ದೊಡ್ಡದಲ್ಲ ಎಂದ. ನರಗುಂದದಲ್ಲಿ ಸೈಬರ್ ಕೆಫೆ ಇಟ್ಟಿದ್ದ ಗೆಳೆಯನೊಬ್ಬ, ಪರದೆಯ ಮೇಲಿನ ಹಿನ್ನೆಲೆಯ ಚಿತ್ರ ಭಾರವಾಗಿರಬೇಕು ಎಂದ. ಜಲಪಾತ ತೆಗೆದು ನೀಲಿ ಬಣ್ಣ ಹಾಕಿದರು. ಜಲಪಾತ ಹೋಯಿತು, ಹತ್ತು ತಾಸು ಹೋಗಲಿಲ್ಲ.

ಬುಧವಾರ ಪರಶಪ್ಪನನ್ನು ಕರೆಸಿದರು. ಊರಿನಲ್ಲಿ ಕಂಪ್ಯೂಟರು ರಿಪೇರಿಗೆ ಇದ್ದವರು ಇಬ್ಬರು. ಒಬ್ಬ ಗದಗಿನಿಂದ ಬರಬೇಕಿತ್ತು, ಬರುತ್ತಿರಲಿಲ್ಲ. ಇನ್ನೊಬ್ಬ ಪರಶಪ್ಪ, ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವವನು. ಅವನು ಸ್ಕ್ರೂಡ್ರೈವರ್ ಹಿಡಿದು ಬಂದಾಗ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡ ಹೂವಿನ ಚಾದರ ಹೊದಿಸಿತ್ತು. ಅದು ಬದರುನ್ನಿಸಾ ಕಳಿಸಿದ ಚಾದರ. ಸಿನಿಮಾ ಮುಗಿಯುವವರೆಗೆ ಯಾವ ಗಂಡಸೂ ಆ ಕನ್ನಡಿಯಲ್ಲಿ ಇಣುಕಬಾರದು ಎಂಬ ಮಾತಿನ ಜೊತೆಗೆ ಕಳಿಸಿದ್ದಳು.

ಪರಶಪ್ಪ ಚಾದರದ ಮುಂದೆ ಕೂತ.

“ತಂಗಿ, ದವಾಖಾನ್ಯಾಗ ಡಾಕ್ಟರ್ ಸೈತ ನಾಲಗಿ ಚಾಚು ಅಂತಾನ. ನಾ ಮಾರಿನ ನೋಡದ ಹ್ಯಾಂಗ ಹೇಳ್ಲಿ?”

“ಹಿಂದಿನಿಂದ ನೋಡೋ ಪರಶಪ್ಪಾ” ಎಂದಳು ಮಕ್ತುಮಬಿ ಬಾಗಿಲ ಮರೆಯಿಂದ. “ಮೋಟರಿಗೆ ಮಾರಿ ಇರ್ತೈತೇನು?”

ಅವನು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ. ಒಳಗೆ ಕ್ಯಾಸೆಟ್ಟಿನಷ್ಟು ದಪ್ಪದ ಒಂದು ಕರಿ ಹಲಗೆ ನಿಂತಿತ್ತು, ಅದರ ಬೆನ್ನಿಗೊಂದು ಸಣ್ಣ ಫ್ಯಾನು ತಿರುಗುತ್ತಿತ್ತು. ಪಕ್ಕದಲ್ಲೇ ಅದೇ ಅಳತೆಯ ಒಂದು ಸಂದು ಖಾಲಿ ಇತ್ತು.

“ಇದ ಯಾಕ ಖಾಲಿ ಐತಿ?”

“ಅದು ಹಂಗ ಇರೂದು” ಎಂದ ಮದರಸಾಬ, ಬೇಗ. “ನೀ ನಿನ್ನ ಕೆಲಸ ನೋಡು.”

ಪರಶಪ್ಪ ಎರಡು ಪ್ರೊಸೆಸರಿನ ಕಂಪ್ಯೂಟರನ್ನು ಎಂದೂ ಬಿಚ್ಚಿರಲಿಲ್ಲ, ಹಾಗಾಗಿ ನಂಬಿದ. ಪೆಟ್ಟಿಗೆ ಮುಟ್ಟಿ ನೋಡಿ, ಇದಕ್ಕೆ ಕಾವು ಆಗಿದೆ ಎಂದ. ಅವನ ಅನುಭವದಲ್ಲಿ ಎಲ್ಲ ಯಂತ್ರಗಳ ರೋಗವೂ ಒಂದೇ, ಮದ್ದೂ ಒಂದೇ. ಒಂದು ಗೋಣಿಚೀಲ ತೋಯಿಸಿ ಪೆಟ್ಟಿಗೆಯ ಹಿಂದೆ ನಿಲ್ಲಿಸಿ, ಟೇಬಲ್ ಫ್ಯಾನು ಹಚ್ಚಿ, ಚಹಾ ಕುಡಿದು ಹೋದ. ಕೋಣೆ ತಂಪಾಯಿತು. ಮದರಸಾಬ ಮಧ್ಯಾಹ್ನದ ನಿದ್ದೆಗೆ ಅಲ್ಲಿಯೇ ಚಾಪೆ ಹಾಸಿದ. ಮದುವೆ ನಿಕಾಹ ದಾಟಲಿಲ್ಲ.

ಗುರುವಾರ ಮಧ್ಯಾಹ್ನ ಬದರುನ್ನಿಸಾಳ ಗಂಡ ಅಬ್ದುಲಮಜೀದ ತಾನೇ ಬಂದ. ನಾಳೆ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಹೆಂಡತಿ ಕೇಳಿ ಕಳಿಸಿದ್ದಳು. ಆರಿಫ ಅವನನ್ನು ಪಡಸಾಲೆಯಲ್ಲಿ ಕೂರಿಸಿ ಎರಡು ಮೆದುಳಿನ ಕಥೆ ತೆಗೆದ.

“ಹುಬ್ಬಳ್ಳ್ಯಾಗ ಅಂವ ನನಗ ತೋರಿಸ್ಯಾನ ಚಾಚಾ, ಕಣ್ಣಾರೆ ನೋಡೇನಿ. ಮೂರು ಗುಂಡಿ ಕೂಡೇ ಒತ್ತಿದ. ಒಂದು ಪಟ್ಟಿ ತೆರೀತು. ಅದರಾಗ ಎರಡು ಡಬ್ಬಿ. ಎರಡರಾಗೂ ಹಸರ ಗೆರಿ, ಹೃದಯದ ಪಟ್ಟಿ ತಗೀತಾರಲ್ಲ, ಹಂಗ. ಒಂದು ಡಬ್ಬಿಗೆ ಒಂದು ಮೆದುಳು.”

“ಮತ್ತ ನಮ್ಮ ಮದುವಿ ಯಾಕ ಮುಗೀವಲ್ದು?” ಎಂದ ಅಬ್ದುಲಮಜೀದ. ಅವನು ಈರುಳ್ಳಿ ಮಾರುವವನು. ಹೃದಯದ ಪಟ್ಟಿ ತೋರಿಸಿ ಚೀಲ ಮಾರುವ ಅಭ್ಯಾಸ ಅವನಿಗಿರಲಿಲ್ಲ.

ಒಳಗಿನ ಕೋಣೆಯಲ್ಲಿ ಜಬೀನ ಇದನ್ನು ಕೇಳಿದಳು. ನಾಲ್ಕು ತಿಂಗಳಿಂದ ಈ ಕಥೆಯನ್ನು ಅವಳು ದಿನಾ ಕೇಳಿದ್ದಳು, ಆದರೆ ಮೂರು ಗುಂಡಿಗಳ ಮಾತು ಇವತ್ತೇ ಮೊದಲು. ಅಣ್ಣನ ಮಾತಿನಲ್ಲಿ ಉಪಯೋಗಕ್ಕೆ ಬರುವ ಸಂಗತಿ ಇರಬಹುದೆಂದು ಅವಳೂ ನಿರೀಕ್ಷಿಸಿರಲಿಲ್ಲ. ಮೂರು ಗಂಟೆಗೆ ಕರೆಂಟು ಬಂತು. ಚಾದರದೊಳಗೆ ತಲೆ ಹಾಕಿ ಗುಂಡಿಗಳನ್ನು ಒತ್ತಿದಳು. ಪಟ್ಟಿ ತೆರೆಯಿತು. ಹಸಿರು ಗೆರೆಯ ಡಬ್ಬಿ ಇತ್ತು. ಒಂದೇ ಇತ್ತು.

ಅಬ್ದುಲಮಜೀದ ಹೋಗುವವರೆಗೆ ಕಾದು, ಅವಳು ಪಡಸಾಲೆಗೆ ಬಂದು ಹೇಳಿದಳು. “ಭೈಯಾ, ಇದರಾಗ ಒಂದ ಪ್ರೊಸೆಸರ್ ಐತಿ.”

ಆರಿಫ ಮೊದಲು ನಗಲು ನೋಡಿದ. ಆಮೇಲೆ ಹೋಗಿ, ಪರದೆಯ ಮೇಲೆ ಯಾವ ಹೆಂಗಸೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನೋಡಿ ಬಂದ. ಬಂದವನು ಹುಬ್ಬಳ್ಳಿಯ ಗುಜರಿಯವನ ಮನೆತನವನ್ನು ಹಿಂದಿನ ಮೂರು ತಲೆಮಾರಿನವರೆಗೆ ಬೈದ. ತೋರಿಸುವಾಗ ಎರಡು ತೋರಿಸಿ, ಗಾಡಿಗೆ ಏರಿಸುವಾಗ ಒಂದನ್ನು ಕಿತ್ತುಕೊಂಡಿದ್ದಾನೆ. ಈಗಲೇ ಹುಬ್ಬಳ್ಳಿಗೆ ಹೋಗುತ್ತೇನೆ, ಅವನ ಅಂಗಡಿಯ ಮುಂದೆ ನಿಂತು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ. ಮದರಸಾಬ ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತ ಎಲ್ಲವನ್ನೂ ಕೇಳಿದ.

“ಪಾಪ, ಅವನಿಗ್ಯಾಕ ಬೈತಿ” ಎಂದ. “ಯಾರೂ ಕದ್ದಿಲ್ಲ. ಐತಿ.”

“ಎಲ್ಲೈತಿ?”

“ಟ್ರಂಕಿನ್ಯಾಗ.”

ಮಕ್ತುಮಬಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

ಕಂಪ್ಯೂಟರು ಬಂದ ದಿನ, ಆರಿಫ ಗೆಳೆಯರನ್ನು ಕರೆಯಲು ಹೋಗಿದ್ದಾಗ, ಮದರಸಾಬ ದೂಳು ಒರೆಸಲೆಂದು ಪೆಟ್ಟಿಗೆ ತೆರೆದಿದ್ದ. ಒಳಗೆ ಒಂದೇ ತರಹದ ಎರಡು ಕರಿ ಹಲಗೆಗಳು, ಒಂದೊಂದಕ್ಕೂ ತನ್ನದೇ ಫ್ಯಾನು. ಅವನಿಗೆ ವಿಷಯ ತಕ್ಷಣ ತಿಳಿಯಿತು.

“ಎರಡೂ ಕೂಡೇ ಯಾಕ ಸವೀಬೇಕು? ಒಂದು ಸ್ಟೆಪ್ನಿ ಇರಲಿ ಅಂತ ತಗದೆ. ಎರಡು ಕ್ಲಿಪ್ ಒತ್ತಿದೆ, ಟೇಪ್‌ರಿಕಾರ್ಡರದ ಕ್ಯಾಸೆಟ್ಟಿನಂಗ ಬಂತು. ತಗದ ಮ್ಯಾಲ ಚಾಲೂ ಮಾಡಿ ನೋಡೇನಿ. ಚಾಲೂ ಆತು. ಅಂದ್ರ ಅದು ಬೇಕಾಗಿದ್ದಿಲ್ಲ.”

“ಅಬ್ಬಾ” ಎಂದಳು ಜಬೀನ ಅಪ್ಪನಿಗೆ, “ನಿಮ್ಮ ಗಾಡಿಗೆ ನಾಕು ಗಾಲಿ ಅದಾವ. ಮೂರು ಹಚ್ಚಿ ಒಂದ ಟ್ರಂಕಿನ್ಯಾಗ ಇಡ್ತೀರೇನ್ರಿ?”

“ಮೂರರ ಮ್ಯಾಲ ಓಡಿದ್ರ ಇಡ್ತಿದ್ದೆ.”

ಮದರಸಾಬ ಒಳಜೇಬಿನಿಂದ ಚಾವಿ ತೆಗೆದು ಮಗಳ ಕಡೆ ಎಸೆದ. ಟ್ರಂಕಿನಲ್ಲಿ ಹೊಸ ಗಡಿಯಾರದ ಕೆಳಗೆ, ಮಿಠಾಯಿ ಡಬ್ಬಿಯಲ್ಲಿ, ಹತ್ತಿಯಲ್ಲಿ ಸುತ್ತಿ, ಎರಡು ಡಾಂಬರು ಗುಳಿಗೆಗಳ ನಡುವೆ ಎರಡನೆಯ ಪ್ರೊಸೆಸರ್ ಇತ್ತು. ನಾಲ್ಕು ತಿಂಗಳಲ್ಲಿ ಅದಕ್ಕೆ ಒಂದು ನುಸಿಯೂ ಹಿಡಿದಿರಲಿಲ್ಲ. ಪಕ್ಕದಲ್ಲಿ ಬೀಗದ ಜೋಡಿ ಚಾವಿಯೂ ಇತ್ತು.

ಕಂಪ್ಯೂಟರು ಬಂದ್ ಮಾಡಿ, ಜಬೀನ ಅದನ್ನು ಖಾಲಿ ಸಂದಿಗೆ ಒತ್ತಿ ಕೂರಿಸಿದಳು. ಮತ್ತೆ ಚಾಲೂ ಮಾಡಿ ಮೂರು ಗುಂಡಿ ಒತ್ತಿದಾಗ ಎರಡು ಡಬ್ಬಿಗಳು ಕಂಡವು. ಆರಿಫ ಓಣಿಗೆ ಹೋಗಿ ಇಬ್ಬರಿಗೆ ಹೇಳಿಯೂ ಬಂದ. ಅವರಿಗೆ ನಾಲ್ಕು ತಿಂಗಳ ಹಿಂದೆಯೇ ಇದು ಗೊತ್ತಿತ್ತು, ಹಾಗಾಗಿ ಅವರು ವಿಶೇಷವೇನೂ ತೋರಿಸಲಿಲ್ಲ.

ಅವಳು ರೆಂಡರ್ ಒತ್ತಿದಳು. ಕಂಪ್ಯೂಟರು ಲೆಕ್ಕ ಹಾಕಿ ಹೊತ್ತು ತೋರಿಸಿತು. ಹತ್ತು ತಾಸು.



“ನಾ ಹೇಳಲಿಲ್ಲೇನು?” ಎಂದ ಮದರಸಾಬ. “ಬೇಕಾಗಿದ್ದಿಲ್ಲ ಅಂತ.” ಅವನಿಗೆ ಆ ದಿನ ಅಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಿರಲಿಲ್ಲ. ಆರಿಫ ದುರ್ಗೇಶನಿಗೆ ಫೋನು ಮಾಡಿ, ಶನಿವಾರ ಪೆಟ್ಟಿಗೆ ಕಟ್ಟಿ ಒಯ್ಯಲು ಹಗ್ಗ ತೆಗೆದುಕೊಂಡು ಬಾ ಎಂದ.

ಜಬೀನ ಎದ್ದು ಹೋಗಲಿಲ್ಲ. ಚಾದರದೊಳಗೆ ಕೂತು ಆ ಎರಡು ಡಬ್ಬಿಗಳನ್ನೇ ನೋಡಿದಳು. ಒಂದರಲ್ಲಿ ಹಸಿರು ಗೆರೆ ನೆತ್ತಿಗೆ ಹತ್ತಿ ಇಳಿಯದೆ ನಿಂತಿತ್ತು. ಇನ್ನೊಂದರಲ್ಲಿ ಗೆರೆ ನೆಲ ಹಿಡಿದು ಮಲಗಿತ್ತು. ಸುಮ್ಮನೆ ಆರಿಫನ ಒಂದು ಹಾಡು ಹಚ್ಚಿದಳು. ಮಲಗಿದ ಗೆರೆ ಸ್ವಲ್ಪ ಎದ್ದಿತು. ಹಾಡು ನಿಲ್ಲಿಸಿದಳು, ಮತ್ತೆ ಮಲಗಿತು. ಎಂದರೆ ಎರಡನೆಯದಕ್ಕೆ ರೋಗವಿರಲಿಲ್ಲ. ಅದಕ್ಕೆ ಯಾರೂ ಕೆಲಸ ಹೇಳಿರಲಿಲ್ಲ. ಮಿಕ್ಸಿಂಗಿನ ಪ್ರೋಗ್ರಾಮು ಹಳೆಯದು, ಮದುವೆಯನ್ನು ಮೊದಲಿನಿಂದ ಹಿಡಿದು ಒಂದೇ ಸಾಲಿನಲ್ಲಿ ಬರೆದುಕೊಂಡು ಹೋಗುವುದು ಅದರ ರೀತಿ. ಪಕ್ಕದಲ್ಲಿ ಇನ್ನೊಬ್ಬ ಆಳು ಸುಮ್ಮನೆ ನಿಂತಿದ್ದಾನೆ ಎಂಬುದು ಅದಕ್ಕೆ ತಿಳಿಯದು. ಎರಡು ಆಳಿದ್ದಾರೆ, ಕೆಲಸ ಒಂದೇ ಇದೆ. ಹಾಗಾದರೆ ಕೆಲಸವನ್ನೇ ಎರಡು ಮಾಡಬೇಕು.

ಅದೇ ಪ್ರೋಗ್ರಾಮನ್ನು ಇನ್ನೊಮ್ಮೆ ತೆರೆದು ನೋಡಿದಳು. ಬೇಡವೆನ್ನದೆ ತೆರೆಯಿತು. ಒಂದಕ್ಕೆ ಮದುವೆಯ ಮೊದಲ ಅರ್ಧ, ಇನ್ನೊಂದಕ್ಕೆ ಎರಡನೆಯ ಅರ್ಧ ಕೊಟ್ಟು, ಎರಡನ್ನೂ ಒಟ್ಟಿಗೆ ಓಡಿಸಿದಳು. ಎರಡೂ ಡಬ್ಬಿಗಳಲ್ಲಿ ಗೆರೆ ನೆತ್ತಿಗೆ ಹತ್ತಿತು. ಐದು ತಾಸು ಎಂದಿತು ಒಂದು. ಐದು ತಾಸು ಹತ್ತು ನಿಮಿಷ ಎಂದಿತು ಇನ್ನೊಂದು.

ಈಗಾಗಲೇ ಸಂಜೆ ನಾಲ್ಕೂವರೆ, ಆರಕ್ಕೆ ಕರೆಂಟು ಹೋಗುತ್ತಿತ್ತು, ರಾತ್ರಿ ಬಂದರೂ ತಾಸೆರಡು ತಾಸು ಅಷ್ಟೇ. ಉಳಿದದ್ದು ಶುಕ್ರವಾರ ಬೆಳಗಿನ ಆರು ತಾಸು, ಅದೊಂದೇ. ನಡುವೆ ಒಂದು ತೊಡಕಿತ್ತು. ಸಿನಿಮಾವನ್ನು ಎಂದೂ ತುಂಡು ಮಾಡಿ ರೆಂಡರ್ ಮಾಡಬಾರದು ಎಂದು ದುರ್ಗೇಶ ಮೊದಲ ದಿನವೇ ಹೇಳಿದ್ದ. ಅದಕ್ಕೇ ಈ ವಾರವೆಲ್ಲ ಅವಳು ಇಡಿಯಾಗಿಯೇ ಓಡಿಸಿ ಸೋತಿದ್ದಳು. ಫೋನು ಮಾಡಿದಳು.

“ಬ್ಯಾಡ ತಂಗಿ” ಎಂದ ದುರ್ಗೇಶ. “ಜೋಡಿಸಿದಲ್ಲಿ ಜರ್ಕ್ ಬರ್ತೈತಿ. ಡಿಸ್ಕ್ ಅಲ್ಲಿ ತುಸು ನಿಂತು ಮುಂದ ಹೋಗ್ತೈತಿ. ಹೆಂಗಸ್ರು ಎಲ್ಲಾ ನೋಡ್ತಾರ, ಮದುಮಗಳ ಮಾರಿ ಅರ್ಧಕ್ಕ ನಿಂತ್ರ ನನ್ನ ಹೆಸರ ಕೆಡತೈತಿ.”

“ಮಾರಿನ ಇಲ್ಲದ ಕಡೆ ಕತ್ತರಿಸಿದ್ರ?”

“ಮದುವ್ಯಾಗ ಮಾರಿ ಇಲ್ಲದ ಕಡೆ ಯಾವುದ ಐತಿ?”

ಒಂದು ಇತ್ತು, ಅದು ಅವಳಿಗೆ ಗೊತ್ತಿತ್ತು. ನಿಕಾಹ ಮುಗಿದು ಖಾರೀಕು, ಎಂದರೆ ಒಣ ಖರ್ಜೂರ, ಹಂಚುವಾಗ ಮದುವೆಯ ಹಾಲಿನಲ್ಲಿಯೇ ಕರೆಂಟು ಹೋಗಿತ್ತು. ಕವಿತಾ ಕ್ಯಾಮರಾ ಬಂದ್ ಮಾಡುವುದನ್ನು ಮರೆತು ಹಾಗೆಯೇ ಹಿಡಿದಿದ್ದಳು. ಹನ್ನೊಂದು ಸೆಕೆಂಡು ಬರೀ ಕತ್ತಲೆ, ಕತ್ತಲೆಯಲ್ಲಿ ಹೆಂಗಸರ ನಗು, “ಯಾರದ ಇದು ಕೈ, ನನ್ನ ಖಾರೀಕು ಬಿಡು” ಎಂದು ಯಾರೋ ಅಂದದ್ದು. ದುರ್ಗೇಶ ಇದನ್ನು ಕಿತ್ತು ಹಾಕು ಎಂದಿದ್ದ. ಟೇಪಿನಲ್ಲಿ ಇದ್ದದ್ದು ಒಂದು ಕ್ಷಣವೂ ಬಿಡಬಾರದು ಎಂದು ಬದರುನ್ನಿಸಾ ಹೇಳಿದ್ದರಿಂದ ಉಳಿದಿತ್ತು. ಮದುವೆಯ ಒಂದು ತಾಸು ಹದಿನಾಲ್ಕನೇ ನಿಮಿಷದಲ್ಲಿ, ಹೆಚ್ಚೂಕಡಿಮೆ ನಟ್ಟನಡುವೆ. ಜಬೀನ ನಗು ನಿಂತು ಪೂರ್ತಿ ಕತ್ತಲೆ ಉಳಿದ ಜಾಗ ಹುಡುಕಿ ಅಲ್ಲಿ ಕತ್ತರಿ ಹಾಕಿದಳು.

ಶುಕ್ರವಾರ ಆರಕ್ಕೆ ಬರಬೇಕಾದ ಕರೆಂಟು ಆರೂ ಹತ್ತಕ್ಕೆ ಬಂತು. ಎರಡೂ ಗೆರೆಗಳು ನೆತ್ತಿಗೆ ಹತ್ತಿದವು. ಜಬೀನ ಗೋಣಿಚೀಲ ಕಿತ್ತೆಸೆದು, ಪೆಟ್ಟಿಗೆಯ ಪಕ್ಕದ ತಗಡು ತೆಗೆದು, ಟೇಬಲ್ ಫ್ಯಾನನ್ನು ನೇರ ಒಳಗೆ ತಿರುಗಿಸಿದಳು. ಆಮೇಲೆ ಕೀಬೋರ್ಡು ಮತ್ತು ಮೌಸುಗಳ ವೈರು ಕಿತ್ತು, ಎರಡನ್ನೂ ಅಡುಗೆಮನೆಗೆ ಒಯ್ದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಒಂಬತ್ತು ಗಂಟೆಗೆ ಆರಿಫ ಎದ್ದು, ಒಂದೇ ಒಂದು ಹಾಡು ಕೇಳುತ್ತೇನೆಂದು ಬಂದು, ಟೇಬಲ್ಲಿನ ಮೇಲೆ ಕೈಯಾಡಿಸಿ ಹೋದ.

ಮದರಸಾಬ ಆ ದಿನ ಗಾಡಿ ತೆಗೆಯಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಅರ್ಧ ತಾಸಿಗೊಮ್ಮೆ ಒಳಗೆ ಕತ್ತು ಹಾಕಿ ಹೇಳುತ್ತಿದ್ದ. “ಎರಡೂ ಕೂಡೇ ಸವ್ಯಾಕತ್ತಾವ.”

“ಸವೀಲಿ ಬಿಡ್ರಿ” ಎನ್ನುತ್ತಿದ್ದಳು ಮಕ್ತುಮಬಿ. “ನಾ ಸವೀಲಿಲ್ಲೇನು? ನನ್ನ ಹತ್ತ್ಯಾಗ ಯಾರ ಸುತ್ತಿ ಇಟ್ರು?”

ಹನ್ನೊಂದೂ ಹತ್ತಕ್ಕೆ ಮೊದಲ ತುಂಡು ಮುಗಿಯಿತು. ಹನ್ನೊಂದೂ ಇಪ್ಪತ್ತಕ್ಕೆ ಎರಡನೆಯದು. ಜಬೀನ ಹಿಟ್ಟಿನ ಡಬ್ಬಿಯ ಹಿಂದಿನಿಂದ ಮೌಸು ತಂದು, ಎರಡನ್ನೂ ಒಂದರ ಹಿಂದೊಂದು ಡಿಸ್ಕಿಗೆ ಹಚ್ಚಿದಳು. ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಡಿ.ವಿ.ಡಿ. ಹೊರಗೆ ಬಂತು. ಬಿಸಿಯಾಗಿತ್ತು. ಹನ್ನೆರಡಕ್ಕೆ ಸರಿಯಾಗಿ ಕರೆಂಟು ಹೋಯಿತು. ಬರುವಾಗ ತಡ ಮಾಡುವ ಕರೆಂಟು ಹೋಗುವಾಗ ಎಂದೂ ತಡ ಮಾಡಿದ್ದಿಲ್ಲ. ಮಕ್ತುಮಬಿ ಬುರ್ಕಾ ಹಾಕಿಕೊಂಡು ಡಿಸ್ಕನ್ನು ತಾನೇ ಒಯ್ದು, ಗಂಡಸರು ನಮಾಜಿಗೆ ಹೊರಡುವ ಮೊದಲೇ ಬದರುನ್ನಿಸಾಳ ಕೈಗೆ ಕೊಟ್ಟು ಬಂದಳು.

ಮೂರಕ್ಕೆ ಕರೆಂಟು ಬಂದ ಮೇಲೆ, ಬದರುನ್ನಿಸಾಳ ಮನೆಯಲ್ಲಿ ಮೂವತ್ತು ಹೆಂಗಸರು ಕೂತು ಮದುವೆ ನೋಡಿದರು. ಜಬೀನಳೂ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಖಾರೀಕು ಬಂತು, ಟಿ.ವಿ. ಕಪ್ಪಾಯಿತು, ತುಸು ನಿಂತಿತು. “ಹೋತು ನೋಡ್ರಿ ಮತ್ತ, ಹಾಳಾದ್ದು” ಎಂದು ಮುಮತಾಜಬಿ ಎಂಬ ದಪ್ಪನೆಯ ಅತ್ತೆ ಎದ್ದು ಫ್ಯಾನಿನ ಕಡೆ ನೋಡಿದಳು. ಫ್ಯಾನು ತಿರುಗುತ್ತಿತ್ತು. ಅಷ್ಟರಲ್ಲಿ ಟಿ.ವಿ.ಯೊಳಗೆ ದೀಪ ಹತ್ತಿತು. ಎಲ್ಲರೂ ಮುಮತಾಜಬಿಯನ್ನು ನೋಡಿ ನಕ್ಕರು, ಜೋಡಿಸಿದ್ದನ್ನು ಯಾರೂ ನೋಡಲಿಲ್ಲ.

ಶನಿವಾರ ದುರ್ಗೇಶ ಹಗ್ಗ ಹಿಡಿದು ಬಂದ.

“ಹೊತ್ತಿಗೆ ಸರಿಯಾಗಿ ಕೊಟ್ಟೇನಿ” ಎಂದಳು ಜಬೀನ ಅಪ್ಪನ ಮುಖ ನೋಡಿ.

“ಕೊಟ್ಟಿ, ಖರೇ” ಎಂದ ಆರಿಫ. “ಆದ್ರ ಈಗ ಡಬಲ್ ಸ್ಪೀಡ್ ಆಗೈತಿ. ಇಂಥಾ ಮಷೀನ್ ಮನ್ಯಾಗ ಇಟ್ಟು ಏನ್ ಮಾಡೂದು? ಸ್ಟುಡಿಯೋದಾಗ ಇದ್ರ ಇನ್ನೂ ಚಲೋ.”

ಕೊಟ್ಟ ಮಾತಿಗೂ ಒಂದು ಸ್ಟೆಪ್ನಿ ಇದ್ದಿದ್ದರೆ ಮದರಸಾಬನಿಗೆ ಅನುಕೂಲವಾಗುತ್ತಿತ್ತು.

ಜಬೀನ ದುರ್ಗೇಶನ ಕಡೆ ತಿರುಗಿದಳು. “ಅಣ್ಣಾರ, ನಿನ್ನೆ ಬದರುನ್ನಿಸಾ ಖಾಲಾನ ಮನ್ಯಾಗ ಮೂರು ಮಂದಿ ಕೇಳ್ಯಾರ. ಸೂಡಿಯಾಗ ನೀವು ತಗದ ಮದುವಿ ಒಂದು, ಇಲ್ಲಿ ಆಗೂವು ಎರಡು. ಹೆಂಗಸ್ರ ಟೇಪ್ ಮನ್ಯಾಗಿನ ಹುಡುಗಿನ ಮಾಡಬೇಕು, ಸ್ಟುಡಿಯೋದಾಗ ಬ್ಯಾಡ ಅಂದಾರ. ಮಷೀನ್ ನೀವು ಒಯ್ರಿ. ಟೇಪ್ ಯಾರ ನೋಡ್ತಾರ, ಕವಿತಕ್ಕಾರ ಕಲ್ತಾರೇನು?”

ದುರ್ಗೇಶ ಹೆಂಡತಿ ಹಿಡಿದ ಕ್ಯಾಮರಾದಲ್ಲಿ ಎಷ್ಟು ಪಾದಗಳು ಬರುತ್ತವೆ ಎಂಬುದನ್ನು ನೆನೆದಿರಬೇಕು. ಹಗ್ಗ ಸುತ್ತಿ ಚೀಲಕ್ಕೆ ಹಾಕಿದ. ಅದೇ ಚೀಲದಿಂದ ಸೂಡಿಯ ಮದುವೆಯ ಎರಡು ಟೇಪು ತೆಗೆದು ಟೇಬಲ್ಲಿನ ಮೇಲಿಟ್ಟ.

“ಮಷೀನ್ ಇಲ್ಲೇ ಇರಲಿ. ಆರಿಫಾ, ನೀ ಬಾ ರೋಣಕ್ಕ, ಪಾರ್ಟನರ್ ವಿಚಾರ ಕೂತು ಮಾತಾಡೂಣು.”

ಕಂಪ್ಯೂಟರು ಇಲ್ಲದ ಆರಿಫನಿಂದ ಸ್ಟುಡಿಯೋಕ್ಕೆ ಏನು ಪಾಲು ಸಿಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆರಿಫ ಹೋಗಲಿಲ್ಲ, ದುರ್ಗೇಶ ಎರಡನೇ ಸಲ ಕರೆಯಲೂ ಇಲ್ಲ.

ಮಧ್ಯಾಹ್ನ ಊಟವಾಗಿ, ಮೂರಕ್ಕೆ ಕರೆಂಟು ಬಂದ ಮೇಲೆ ಮದರಸಾಬ ಮಿಠಾಯಿ ಡಬ್ಬಿ, ಹತ್ತಿ, ಎರಡು ಡಾಂಬರು ಗುಳಿಗೆ ಹಿಡಿದು ಕಂಪ್ಯೂಟರಿನ ಹಿಂದೆ ಕೂತ. ಕೆಲಸ ಮುಗಿಯಿತಲ್ಲ, ಇನ್ನು ಒಂದಕ್ಕೆ ವಿಶ್ರಾಂತಿ ಕೊಡೋಣ ಎಂದುಕೊಂಡು ತಗಡಿಗೆ ಕೈ ಹಾಕಿದ. ತಗಡು ಬರಲಿಲ್ಲ. ಪೆಟ್ಟಿಗೆಯ ಹಿಂದೆ, ಬೀಗ ಹಾಕಲೆಂದೇ ಒಂದು ಕಬ್ಬಿಣದ ಬಳೆ ಇತ್ತು. ಹುಬ್ಬಳ್ಳಿಯ ಆ ಕಂಪನಿಯಲ್ಲೂ ಯಾರೋ ಒಬ್ಬ ಮದರಸಾಬ ಇದ್ದಿರಬೇಕು. ಬಳೆಗೆ ಅವನ ಟ್ರಂಕಿನ ಬೀಗವೇ ತೂಗುತ್ತಿತ್ತು. ಅವನು ಒಳಜೇಬಿಗೆ ಕೈ ಹಾಕಿದ. ಗುರುವಾರ ಎಸೆದ ಚಾವಿ ವಾಪಸು ಬಂದಿರಲಿಲ್ಲ.

“ಜಬೀನಾ, ಚಾವಿ?”

“ನನ್ನ ಹತ್ರ ಐತಿ ಅಬ್ಬಾ” ಎಂದಳು ಅವಳು, ಸೂಡಿಯ ಟೇಪಿನಿಂದ ಕಣ್ಣು ತೆಗೆಯದೆ, ಚಾದರದ ಒಳಗಿನಿಂದ.

“ಜೋಡಿ ಚಾವಿ ಟ್ರಂಕಿನ್ಯಾಗ ಇತ್ತಲ್ಲ?”

“ಅದೂ ನನ್ನ ಹತ್ರ ಐತಿ.”

ಎರಡು ಚಾವಿಗಳನ್ನೂ ಒಬ್ಬರೇ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಹೇಳಲು ಬಾಯಿ ತೆರೆದ ಮದರಸಾಬ, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಗಟ್ಟಿ ಇದೆ ಎಂದು ಖಾತ್ರಿ ಮಾಡಿಕೊಂಡು, ಬೀಗವಿಲ್ಲದ ಟ್ರಂಕಿನ ಪಕ್ಕದಲ್ಲಿ ಚಾಪೆ ಹಾಸಲು ಎದ್ದು ಹೋದ.